ಏರಿದ ಬಾಣ ಮರಳಿ ಬರಬೇಕು

ಹೊರದೇಶಗಳಲ್ಲಿ ನೆಲೆಸಿರುವ ಸದ್ಭಕ್ತರ ಮನೆಗಳಿಂದ ನಮಗೆ ಬರುವ ಪತ್ರಗಳಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಗೊತ್ತಿರುವಂಥವೇ. ಮಗುವಿಗೆ ಲಿಂಗಧಾರಣೆಯನ್ನು ಯಾವಾಗ ಮಾಡಿಸಬೇಕು, ಬಿಲ್ವಪತ್ರೆ ದೊರೆಯದ ಊರಿನಲ್ಲಿ ಪೂಜೆಯನ್ನು ಹೇಗೆ ನಡೆಸಬೇಕು, ಲಗ್ನಪತ್ರಿಕೆಯಲ್ಲಿ ಮನೆದೇವರ ಹೆಸರನ್ನು ಎಲ್ಲಿ ಹಾಕಿಸಬೇಕು, ಇಂಥವು. ಈ ಸಲ ಅಮೇರಿಕೆಯ ಟೆಕ್ಸಾಸ್ ರಾಜ್ಯದಿಂದ ಬಂದ ಪತ್ರ ಮಾತ್ರ ಬೇರೆ ಬಗೆಯದು. ಬರೆದವರು ನಮಗೆ ಬಹುಕಾಲದಿಂದ ಪರಿಚಿತರಾದ ಗೃಹಸ್ಥರು. ಅವರ ಮಗನಿಗೆ ಹತ್ತೊಂಬತ್ತು ವರ್ಷ, ಎಂಜಿನಿಯರಿಂಗ್ ವಿದ್ಯಾರ್ಥಿ. ಅವನು ಹೆಚ್ಚು ಶಕ್ತಿಯ ಹವ್ಯಾಸಿ ರಾಕೆಟ್ಟುಗಳನ್ನು ಹಾರಿಸುವ ಅರ್ಹತಾಪತ್ರಕ್ಕಾಗಿ ಮೊದಲ ಹಂತದ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ತಂದೆ ಫೈಬರ್ ಗ್ಲಾಸಿನ ದೇಹ, ಎರಡು ಪ್ಯಾರಾಶೂಟು, ಅವನ್ನು ಬಿಚ್ಚಲು ಎಲೆಕ್ಟ್ರಾನಿಕ್ ಯಂತ್ರ, ಆ ಹಂತದಲ್ಲಿ ಅನುಮತಿಯಿರುವ ಅತಿ ದೊಡ್ಡ ಮೋಟಾರು, ಎಲ್ಲವನ್ನೂ ಕೊಡಿಸಲು ಸಿದ್ಧರಿದ್ದಾರೆ. ಮಗನೋ ರಟ್ಟಿನ ಕೊಳವೆ, ಪ್ಲೈವುಡ್ಡಿನ ಮೂರು ರೆಕ್ಕೆ, ಒಂದು ಪ್ಯಾರಾಶೂಟು, ಚಿಕ್ಕ ಮೋಟಾರು ಸಾಕೆಂದು ಹಟ ಹಿಡಿದಿದ್ದಾನೆ.

"ಇಲ್ಲಿನ ನಮ್ಮ ಸಮಾಜದ ಹತ್ತಾರು ಮನೆಯವರನ್ನು ನೋಡಲು ಕರೆದಿದ್ದೇನೆ. ಅವರೆಲ್ಲರೆದುರು ರಟ್ಟಿನ ಕೊಳವೆಯೊಂದು ಸ್ವಲ್ಪ ಎಗರಿ ಬೀಳುವುದನ್ನು ತೋರಿಸಬೇಕೆ? ಹುಡುಗನಿಗೆ ಧೈರ್ಯ ಸಾಲದು. ನನ್ನ ಮಾತು ಕೇಳುತ್ತಿಲ್ಲ, ಹದಿನೈದು ದಿನಗಳಿಂದ ಮನೆಯಲ್ಲಿ ಸರಿಯಾಗಿ ಮಾತೂ ಇಲ್ಲ. ತಾವು ನಾಲ್ಕು ಮಾತು ಹೇಳಿದರೆ ಕೇಳಿಯಾನು" ಎಂದು ಅವರು ಬರೆದಿದ್ದಾರೆ.

ವಿಷಯ ನಮಗೆ ಹೊಸದು. ಆದುದರಿಂದ ಅಲ್ಲಿನ ಸಂಘಗಳು ಪ್ರಕಟಿಸಿರುವ ನಿಯಮಗಳನ್ನು ತರಿಸಿಕೊಂಡು ಓದಿದೆವು. ತಿಳಿಯದ ಕಡೆಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೋಧಿಸುವ ಮಿತ್ರರೊಬ್ಬರನ್ನು ಕೇಳಿ ತಿಳಿದೆವು. ಓದಿದ ಮೇಲೆ ನಮಗೆ ಹೇಳಬೇಕೆನಿಸಿದ ನಾಲ್ಕು ಮಾತುಗಳು ಮಗನಿಗಲ್ಲ, ತಂದೆಗೆ. ಹುಡುಗನ ಆಯ್ಕೆಯೇ ಸರಿ. ಅದೇಕೆಂಬುದನ್ನು ಇಲ್ಲಿ ವಿಸ್ತರಿಸುತ್ತೇವೆ. ಈಗಿನ ಮಕ್ಕಳಲ್ಲಿ ಇಂಥ ಹವ್ಯಾಸ ಬೆಳೆಯುತ್ತಿರುವುದರಿಂದ ಇತರ ಮನೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಅಮೇರಿಕೆಯಲ್ಲಿ ಈ ಹವ್ಯಾಸಕ್ಕೆ ಒಂದು ಕ್ರಮ ಬಂದುದು 1950ರ ದಶಕದಲ್ಲಿ. 1957ರ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದಾಗ ಅಲ್ಲಿನ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಮನೆಯಲ್ಲಿಯೇ ಮದ್ದು ಬೆರೆಸಿ ಲೋಹದ ಕೊಳವೆಗೆ ತುಂಬಿ ಕಿಡಿ ತಾಗಿಸಿದವರು ಅನೇಕರು, ಅದರಿಂದ ಗಾಯಗೊಂಡವರೂ ಅನೇಕರು. ಅದಕ್ಕೂ ಮೊದಲೇ, 1954ರ ಸುಮಾರಿಗೆ, ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಯ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬವರು ಕಾಗದದ ಕೊಳವೆ, ಹಗುರ ಮರದ ರೆಕ್ಕೆ, ಮೊದಲೇ ತಯಾರಾಗಿ ಬರುವ ಚಿಕ್ಕ ಮೋಟಾರು, ಇಳಿದು ಬರಲು ಪ್ಯಾರಾಶೂಟು ಇವುಗಳನ್ನು ಕೂಡಿಸಿ ಒಂದು ಮಾದರಿಯನ್ನು ರಚಿಸಿದ್ದರು. ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ ಎಂಬವರು ಅದರ ಬೆಲೆಯನ್ನರಿತು ಅದಕ್ಕೆ ಸುರಕ್ಷೆಯ ನಿಯಮಗಳನ್ನು ಕಟ್ಟಿದರು. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಎಂಬ ಸಂಘ 1957ರಲ್ಲಿಯೇ ಹುಟ್ಟಿತು. ದೊಡ್ಡ ರಾಕೆಟ್ಟುಗಳವರ ಮತ್ತೊಂದು ಸಂಘ ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್. ಅರ್ಹತಾಪತ್ರವನ್ನು ಕೊಡುವವರು ಈ ಎರಡು ಸಂಘದವರೇ.

ಮೋಟಾರುಗಳನ್ನು ಅಲ್ಲಿ ಅಕ್ಷರಗಳಿಂದ ಗುರುತಿಸುತ್ತಾರೆ. ‘ಎ’ಗಿಂತ ‘ಬಿ’ಯ ಒಟ್ಟು ಶಕ್ತಿಯ ಮಿತಿ ಎರಡರಷ್ಟು, ‘ಬಿ’ಗಿಂತ ‘ಸಿ’ಯದು ಎರಡರಷ್ಟು, ಹೀಗೆ ಪ್ರತಿ ಅಕ್ಷರಕ್ಕೂ ಇಮ್ಮಡಿಯಾಗುತ್ತ ಹೋಗುತ್ತದೆ. ‘ಜಿ’ಯವರೆಗಿನ ಮೋಟಾರುಗಳಿಗೆ ಸಾಮಾನ್ಯವಾಗಿ ಅರ್ಹತಾಪತ್ರ ಬೇಡ. 160ರಿಂದ 320 ನ್ಯೂಟನ್-ಸೆಕೆಂಡ್ ಶಕ್ತಿಯ ‘ಎಚ್’, ಅದರ ಮೇಲಿನ ‘ಐ’ ಇವು ಮೊದಲ ಹಂತ. ‘ಜೆ’, ‘ಕೆ’, ‘ಎಲ್’ ಎರಡನೆಯ ಹಂತ, ಅದಕ್ಕೆ ಲಿಖಿತ ಪರೀಕ್ಷೆಯೂ ಉಂಟು. ‘ಎಂ’ನಿಂದ ಮೇಲಿನವು ಮೂರನೆಯ ಹಂತ.

ಮೊದಲ ಹಂತದಲ್ಲಿ ಪರೀಕ್ಷಕರು ಕೇಳುವುದಾದರೂ ಏನು? ಇದನ್ನು ಆ ಗೃಹಸ್ಥರು ಒಮ್ಮೆ ಶಾಂತಚಿತ್ತರಾಗಿ ಓದಿದ್ದರೆ ನಮಗೆ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೆಂದು ತೋರುತ್ತದೆ. ರಾಕೆಟ್ಟನ್ನು ಪರೀಕ್ಷಾರ್ಥಿಯೇ ಕಟ್ಟಿರಬೇಕು. ಅದು ತೊನೆಯದೆ ನೆಟ್ಟಗೆ ಏರಬೇಕು. ಪ್ಯಾರಾಶೂಟು ಬಿಚ್ಚಿಕೊಳ್ಳಬೇಕು. ಮೋಟಾರಿನ ಕೋಶ ನಡುವೆ ಕಳಚಿ ಬೀಳಬಾರದು. ನೆಲಕ್ಕಿಳಿದ ರಾಕೆಟ್ಟನ್ನು ತಂದು ಪರೀಕ್ಷಕರಿಗೆ ತೋರಿಸಬೇಕು, ಅದು ಮತ್ತೊಂದು ಮೋಟಾರು ಹಾಕಿ ಹಾರಿಸುವಷ್ಟು ಗಟ್ಟಿಯಾಗಿ ಉಳಿದಿರಬೇಕು. ಇಷ್ಟೇ. ಎಷ್ಟು ಎತ್ತರಕ್ಕೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಬಣ್ಣಕ್ಕೆ ಅಂಕವಿಲ್ಲ, ವೆಚ್ಚಕ್ಕೆ ಅಂಕವಿಲ್ಲ. ನಮ್ಮ ಜಾತ್ರೆಗಳ ಬಾಣಬಿರುಸು ಮೇಲೇರಿ ಬೆಳಕಾಗಿ ಸಿಡಿದರೆ ಕೃತಾರ್ಥ. ಇದು ಹಾಗಲ್ಲ, ಇಡಿಯಾಗಿ ಮರಳಿ ಕೈಸೇರಬೇಕಾದ ಬಾಣ.

ಬಾಣದ ಮಾತು ಬಂದುದರಿಂದ ಇಲ್ಲೊಂದು ಸಂಗತಿ. ರಾಕೆಟ್ಟೆಂಬುದು ಪರದೇಶದ ಸೋಜಿಗವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವೀರಶೈವ ಅರಸರಾದ ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಬಿದನೂರು, ಇಂದಿನ ಹೊಸನಗರ ತಾಲೂಕಿನ ನಗರ, 1763ರಲ್ಲಿ ಹೈದರನ ವಶವಾಯಿತು. ಅದೇ ಊರಿನ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದವು. 1780ರಲ್ಲಿ ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಬೆದರಿಸಿದ್ದು ಇಂಥವೇ. ಅನಂತರ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬವನು ಮೈಸೂರಿನ ಬಾಣಗಳಿಂದ ಕಲಿತು ತನ್ನ ರಾಕೆಟ್ಟುಗಳನ್ನು ಮಾಡಿದನೆಂಬುದು ಇತಿಹಾಸಜ್ಞರು ಬಲ್ಲ ವಿಷಯ. ಆ ರಾಕೆಟ್ಟಿನ ರಚನೆ ಎಷ್ಟೊಂದು ಸರಳ! ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು. ರಟ್ಟು ಬಿದಿರುಗಳ ಕೊಳವೆಗೆ ಬದಲು ಕಬ್ಬಿಣವನ್ನು ಬಳಸಿದ್ದರಿಂದ ಒಳಗಿನ ಒತ್ತಡವನ್ನು ಅದು ಹೆಚ್ಚು ತಾಳಿತು, ದೂರ ಹೋಯಿತು. ಉಳಿದುದೆಲ್ಲ ಹಳೆಯ ಬಾಣಬಿರುಸಿನದೇ. ನಮ್ಮ ಕುಶಲಕರ್ಮಿಗಳು ಎಲ್ಲವನ್ನೂ ಒಮ್ಮೆಗೇ ಬದಲಿಸಲಿಲ್ಲ.

ಆ ಬಿದಿರು ಮಾಡುತ್ತಿದ್ದ ಕೆಲಸವನ್ನೇ ಈಗ ಹಿಂಬದಿಯ ರೆಕ್ಕೆಗಳು ಮಾಡುತ್ತವೆ. ಬಿಲ್ಲಿನ ಬಾಣಕ್ಕೆ ಮುಂದೆ ಭಾರವಾದ ಅಲಗು, ಹಿಂದೆ ಗರಿ ಇರುವುದು ಏತಕ್ಕೆಂದು ಯೋಚಿಸಿದರೆ ತಿಳಿಯುತ್ತದೆ. ಭಾರದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಹಿಂದಿರಬೇಕು. ಎರಡರ ನಡುವೆ ಕಡೆಯಪಕ್ಷ ಕೊಳವೆಯ ಅಗಲದಷ್ಟು ಅಂತರವಿರಬೇಕೆಂದು ಈ ವಿದ್ಯೆಯವರು ಲೆಕ್ಕ ಹಿಡಿಯುತ್ತಾರೆ. ಉದ್ದನೆಯ ಕೊಳವೆಗೆ ಸಾದಾ ಆಕಾರದ ಮೂರು ರೆಕ್ಕೆಗಳಿದ್ದರೆ ಈ ಅಂತರ ಸುಲಭವಾಗಿ ಒದಗುತ್ತದೆ. ವಿಚಿತ್ರ ಆಕಾರಗಳನ್ನು ಹೂಡಿದರೆ ಒದಗಿಸಲು ಹೆಣಗಬೇಕಾಗುತ್ತದೆ.

ಈಗ ಎತ್ತರದ ಮಾತು. ರಾಕೆಟ್ಟೊಂದು 450 ಮೀಟರು ಏರಿ, ಪ್ಯಾರಾಶೂಟು ಬಿಚ್ಚಿ, ಸೆಕೆಂಡಿಗೆ ಐದೂವರೆ ಮೀಟರಿನಂತೆ ಇಳಿಯುತ್ತದೆಂದು ಇಟ್ಟುಕೊಳ್ಳೋಣ. ನೆಲ ಮುಟ್ಟಲು ಅದಕ್ಕೆ 82 ಸೆಕೆಂಡು ಬೇಕು. ಗಾಳಿ ಗಂಟೆಗೆ 16 ಕಿಲೋಮೀಟರಿನಂತೆ ಬೀಸುತ್ತಿದ್ದರೆ ಅಷ್ಟರಲ್ಲಿ ಅದು ಸುಮಾರು 370 ಮೀಟರು ದೂರ ತೇಲಿ ಹೋಗಿರುತ್ತದೆ. ಕೊಯಿಲು ಮುಗಿದ ಹೊಲದಲ್ಲಿ ಅಷ್ಟು ದೂರ ನಡೆದು ಹೋಗಿ ತರುವುದು ಕಷ್ಟವಲ್ಲ. ಅದೇ ರಾಕೆಟ್ಟು 1800 ಮೀಟರು ಏರಿತೆನ್ನಿ, ಇಳಿಯಲು ಐದೂವರೆ ನಿಮಿಷ, ತೇಲುವ ದೂರ ಒಂದೂವರೆ ಕಿಲೋಮೀಟರು. ನಡುವೆ ಯಾರ ಜಮೀನಿದೆಯೋ, ಯಾವ ಹಳ್ಳವಿದೆಯೋ, ಹೆದ್ದಾರಿಯಿದೆಯೋ ಬಲ್ಲವರಾರು? ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯಂಥ ಬಟ್ಟಬಯಲಿನಲ್ಲಾದರೆ ಆ ಮಾತು ಬೇರೆ. ಮರಳಿ ತಂದು ತೋರಿಸದ ರಾಕೆಟ್ಟು ಎಷ್ಟೇ ಚೆನ್ನಾಗಿ ಏರಿದ್ದರೂ ಪರೀಕ್ಷೆಯಲ್ಲಿ ಅದಕ್ಕೆ ತೇರ್ಗಡೆಯಿಲ್ಲ.

ಈ ತೊಂದರೆಯ ನಿವಾರಣೆಗಾಗಿಯೇ ಎರಡು ಪ್ಯಾರಾಶೂಟುಗಳ ವಿಧಾನ ಹುಟ್ಟಿದ್ದು. ತುತ್ತತುದಿಯಲ್ಲಿ ಚಿಕ್ಕದೊಂದು ಬಿಚ್ಚಿ ರಾಕೆಟ್ಟು ಬೇಗ ಇಳಿಯುತ್ತದೆ, ನೆಲಕ್ಕೆ ಹತ್ತಿರವಾದಾಗ ದೊಡ್ಡದು ಬಿಚ್ಚಿಕೊಳ್ಳುತ್ತದೆ. ಕಲ್ಪನೆ ಸೊಗಸಾದುದು. ಆದರೆ ಅದಕ್ಕೆ ಗಾಳಿಯ ಒತ್ತಡದಿಂದ ಎತ್ತರವನ್ನು ಅಳೆಯುವ ಯಂತ್ರ, ಬ್ಯಾಟರಿ, ಸ್ವಿಚ್ಚು, ತಂತಿಗಳು, ಎರಡು ಕಡೆ ಮದ್ದಿನ ಪೊಟ್ಟಣ, ದೇಹಕ್ಕೆ ಅಳತೆಗೆ ತಕ್ಕ ಗಾಳಿಕಿಂಡಿಗಳು, ಇಷ್ಟೂ ಬೇಕು. ಒಂದು ತಂತಿಯ ಕೊಂಡಿ ಸಡಿಲವಾದರೂ ಇಡೀ ರಾಕೆಟ್ಟು ಕಲ್ಲಿನಂತೆ ನೆಲಕ್ಕೆ ಎರಗುತ್ತದೆ. ಹುಡುಗ ಆರಿಸಿಕೊಂಡ ವಿಧಾನದಲ್ಲಿ ಇವಾವುವೂ ಇಲ್ಲ. ಮೋಟಾರಿನೊಳಗೇ ಇಂಧನ ಉರಿದು ಮುಗಿದ ಮೇಲೆ ಮೆಲ್ಲನೆ ಉರಿಯುವ ಒಂದು ತುಣುಕಿರುತ್ತದೆ. ಅದು ಕೆಲವು ಸೆಕೆಂಡು ಹೊಗೆಯುಗುಳುತ್ತ ಉರಿದು, ಕೊನೆಗೆ ಸ್ವಲ್ಪ ಮದ್ದಿಗೆ ಕಿಡಿ ಮುಟ್ಟಿಸುತ್ತದೆ, ಆ ಒತ್ತಡಕ್ಕೆ ಮೂತಿ ಕಳಚಿ ಪ್ಯಾರಾಶೂಟು ಹೊರಬರುತ್ತದೆ. ಎಷ್ಟು ಸೆಕೆಂಡು ತಡೆಯಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ ಹೊಂದಿಸಿಕೊಳ್ಳಬಹುದು. ಈ ಲೆಕ್ಕಕ್ಕೆ ಓಪನ್ ರಾಕೆಟ್ ಎಂಬ ಗಣಕಯಂತ್ರದ ಸಾಧನ ಉಚಿತವಾಗಿ ಸಿಗುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಅದನ್ನು ರಚಿಸಿದನಂತೆ. ವಿದ್ಯಾದಾನವೆಂದರೆ ಇದು.

ಫೈಬರ್ ಗ್ಲಾಸಿನ ವಿಚಾರವೂ ಹೀಗೆಯೇ. ಅದು ಗಟ್ಟಿ, ನಿಜ, ಆದರೆ ಭಾರ. ಭಾರ ಹೆಚ್ಚಾದರೆ ಮೋಟಾರು ದೊಡ್ಡದು ಬೇಕು, ಪ್ಯಾರಾಶೂಟು ದೊಡ್ಡದು ಬೇಕು, ನೆಲಕ್ಕೆ ಬೀಳುವ ಪೆಟ್ಟೂ ದೊಡ್ಡದು. ಮೋಟಾರಿನ ಹೆಸರಿನಲ್ಲಿ ಅಕ್ಷರದ ಮುಂದಿರುವ ಸಂಖ್ಯೆ ಅದು ಸರಾಸರಿ ಎಷ್ಟು ನ್ಯೂಟನ್ ಬಲದಿಂದ ತಳ್ಳುತ್ತದೆಂಬುದನ್ನು ತಿಳಿಸುತ್ತದೆ. ‘ಎಚ್ 128’ ಎಂದರೆ 128 ನ್ಯೂಟನ್. ತಳ್ಳುವ ಬಲ ರಾಕೆಟ್ಟಿನ ತೂಕದ ಮೂರು ಪಟ್ಟಿಗೆ ಕಡಿಮೆಯಿರಬಾರದೆಂಬುದು ನಿಯಮ. ಐದು ಪಟ್ಟು ಇದ್ದರೆ ಒಳ್ಳೆಯದೆಂಬುದು ಅನುಭವಿಗಳ ಮಾತು. ಒಂದೂವರೆ ಕಿಲೋ ತೂಗುವ ರಟ್ಟಿನ ರಾಕೆಟ್ಟಿಗೆ ಈ ಮೋಟಾರು ಎಂಟು ಪಟ್ಟಿಗೂ ಮಿಕ್ಕಿ ಬಲ ಕೊಡುತ್ತದೆ. ಕಂಬಿಯನ್ನು ಬಿಡುವ ಮೊದಲೇ ವೇಗ ಬಂದಿರುವುದರಿಂದ ಗಾಳಿಗೆ ಓಲುವ ಭಯವೂ ಕಡಿಮೆ. ಹುಡುಗ ಇದನ್ನೆಲ್ಲ ಲೆಕ್ಕ ಹಾಕಿಯೇ ಆರಿಸಿದ್ದಾನೆಂಬುದು ತಂದೆಯ ಪತ್ರದ ಜೊತೆ ಬಂದ ಅವನ ಕೈಬರಹದ ಹಾಳೆಯಿಂದ ನಮಗೆ ತಿಳಿಯಿತು. ಧೈರ್ಯ ಸಾಲದವನು ಹೀಗೆ ಲೆಕ್ಕ ಹಾಕುವುದಿಲ್ಲ.

ಸರಳವೆಂದರೆ ಉಡಾಫೆಯೆಂದು ಯಾರೂ ತಿಳಿಯಬಾರದು. ಬಿಡಿಭಾಗಗಳು ಕಡಿಮೆಯಾದಾಗ ಒಂದೊಂದರ ಮೇಲೂ ಕಣ್ಣಿಡಲು ಬಿಡುವು ದೊರೆಯುತ್ತದೆ, ಅದೇ ಇದರ ಲಾಭ. ರೆಕ್ಕೆಗಳನ್ನು ಹೊರಗಿನಿಂದ ಅಂಟಿಸಿದರೆ ಸಾಲದು, ಕೊಳವೆಯಲ್ಲಿ ಸೀಳು ಕೊರೆದು ಒಳಗಿನ ಮೋಟಾರಿನ ಕೊಳವೆಯವರೆಗೂ ಇಳಿಸಿ ಎರಡು ಕಡೆಯೂ ಎಪಾಕ್ಸಿ ಅಂಟಿನಿಂದ ಬಿಗಿಯಬೇಕು. ರೆಕ್ಕೆಯ ತುದಿ ಕೊಳವೆಯ ಬುಡಕ್ಕಿಂತ ಕೆಳಗೆ ಚಾಚಿಕೊಂಡಿದ್ದರೆ ಇಳಿಯುವಾಗ ಮೊದಲು ಮುರಿಯುವುದು ಅದೇ. ಮೂತಿಯನ್ನು ಹಿಡಿದೆತ್ತಿದರೆ ಕೊಳವೆ ತಾನಾಗಿ ಕಳಚಿ ಬೀಳಬಾರದು, ತುಸು ಅಲುಗಿಸಿದರೆ ಜಾರಬೇಕು. ಬಿಗಿ ಹೆಚ್ಚಾದರೆ ಪ್ಯಾರಾಶೂಟು ಒಳಗೇ ಉಳಿಯುತ್ತದೆ. ಪ್ಯಾರಾಶೂಟಿಗೆ ಮದ್ದಿನ ಬಿಸಿ ತಾಗದಂತೆ ಬೆಂಕಿ ತಾಳುವ ಬಟ್ಟೆಯನ್ನು ಸುತ್ತಬೇಕು. ಮೋಟಾರು ಹಿಂದಕ್ಕೆ ಜಾರದಂತೆ ತಡೆ ಇರಬೇಕು. ಅದನ್ನು ಮರೆತವರ ಪ್ಯಾರಾಶೂಟು ಒಳಗೇ ಉಳಿದು ಮೋಟಾರೇ ಹೊರಬೀಳುತ್ತದೆ. ಪ್ಯಾರಾಶೂಟು ಬಹಳ ಬೇಗನೆಯೋ ಬಹಳ ತಡವಾಗಿಯೋ ಬಿಚ್ಚಿದರೆ ರಾಕೆಟ್ಟು ವೇಗದಲ್ಲಿರುವಾಗ ಹಗ್ಗದ ಸೆಳೆತಕ್ಕೆ ಕೊಳವೆಯ ಬಾಯಿ ಉದ್ದಕ್ಕೂ ಸೀಳುತ್ತದೆ. ಅಲ್ಲಿನವರು ಇದನ್ನು ಜಿಪ್ಪರ್ ಎಂದೇ ಕರೆಯುತ್ತಾರೆ. ಮೆಲ್ಲನೆ, ತಗ್ಗಿನಲ್ಲಿ ಹಾರುವ ರಾಕೆಟ್ಟಿಗೆ ತಡೆಯ ಲೆಕ್ಕದಲ್ಲಿ ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ಅಷ್ಟು ಅಪಾಯವಿಲ್ಲ.

ಈ ಅರ್ಹತಾಪತ್ರಕ್ಕೆ ಬೆಲೆ ಬಂದುದು ಹೇಗೆಂಬುದನ್ನೂ ತಂದೆಯವರು ಗಮನಿಸಬೇಕು. ಈ ಮೋಟಾರುಗಳ ಇಂಧನವನ್ನು ಅಲ್ಲಿನ ಸರ್ಕಾರದ ಇಲಾಖೆಯೊಂದು ಸ್ಫೋಟಕಗಳ ಪಟ್ಟಿಗೆ ಸೇರಿಸಿತ್ತು. ಅದರ ವಿರುದ್ಧ ಎರಡೂ ಸಂಘಗಳು 2000ದಲ್ಲಿ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಗೆದ್ದವು. ಅಷ್ಟು ವರ್ಷ ಹೋರಾಡಿದ ಸಂಘದವರು ಒಬ್ಬ ಹುಡುಗನಿಗೆ ಪತ್ರ ಕೊಡುವುದೆಂದರೆ, ಇವನ ಕೈಗೆ ಮೋಟಾರು ಕೊಡಬಹುದು, ಇವನು ಹಾರಿಸುವ ಹೊಲದಲ್ಲಿ ನಾವು ನಿಲ್ಲಬಲ್ಲೆವು ಎಂದು ಜಾಮೀನು ನಿಂತಂತೆ. ಜಾಮೀನು ಕೇಳಲು ಹೋಗುವವನು ಮೈಮೇಲೆ ಒಡವೆ ಹೇರಿಕೊಂಡು ಹೋಗುವ ಪದ್ಧತಿಯನ್ನು ನಾವು ಕಂಡಿಲ್ಲ.

ಕರೆದಿರುವ ಹತ್ತಾರು ಮನೆಯವರ ವಿಚಾರವನ್ನು ಎತ್ತದೆ ಬಿಡುವಂತಿಲ್ಲ. ಮದುವೆಯ ಊಟದ ಎಲೆಯ ಮೇಲೆ ಎಷ್ಟು ಬಗೆಯಿದ್ದವೆಂದು ಎಣಿಸುವ ಚಾಳಿ ನಮ್ಮ ಸಮಾಜದಲ್ಲಿ ಬೆಳೆದಿದೆ, ಅದು ಸಾಗರ ದಾಟಿಯೂ ಬಿಟ್ಟಿಲ್ಲವೆಂದು ಕಾಣುತ್ತದೆ. ಮುಗಿಲು ಮುಟ್ಟುವ ಗೋಪುರಗಳ ಕಾಲದಲ್ಲಿ ಅಂಗೈಯಲ್ಲಿ ಹಿಡಿಸುವ ಇಷ್ಟಲಿಂಗವನ್ನು ಕೊಟ್ಟ ಶರಣರ ಮನೆತನದವರು ನಾವು. ಚಿಕ್ಕದರಿಂದ ಮರ್ಯಾದೆ ಹೋಗುತ್ತದೆಂಬ ಅಳುಕು ನಮ್ಮಲ್ಲಿ ಹೇಗೆ ಹೊಕ್ಕಿತೋ! ಮಗನ ಕಾಯಕವನ್ನು ನೋಡಲು ಬಂದವರು ರಟ್ಟಿನ ಬಣ್ಣ ನೋಡಿ ನಕ್ಕರೆ ನಗಲಿ. ದುಬಾರಿ ರಾಕೆಟ್ಟೊಂದು ಅವರ ಕಣ್ಣೆದುರೇ ನೆಲಕ್ಕೆ ನೆಟ್ಟುಕೊಂಡರೆ ಅವರು ನಗುವುದಿಲ್ಲ, ಮರುಕಪಡುತ್ತಾರೆ. ಹತ್ತೊಂಬತ್ತರ ಹುಡುಗನಿಗೆ ನಗುವಿಗಿಂತ ಆ ಮರುಕವೇ ಹೆಚ್ಚು ಭಾರ.

ಇಷ್ಟು ಸುಲಭದ ದಾರಿ ಹಿಡಿದರೆ ಅವನು ಕಲಿಯುವುದೇನು ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಾವು ಕಲಿತ ಮಠದಲ್ಲಿ ಮೊದಲ ಸಲ ಪ್ರವಚನಕ್ಕೆ ಕೂರುವ ಸಾಧಕನಿಗೆ ಅರ್ಧ ಗಂಟೆಯ ಮೇಲೆ ಸಮಯ ಕೊಡುತ್ತಿರಲಿಲ್ಲ, ಹಾರ್ಮೋನಿಯಂ ತಬಲಾ ಜೊತೆಗಿಡುತ್ತಿರಲಿಲ್ಲ. ಒಂದು ವಿಷಯವನ್ನು ತೊದಲದೆ ಹೇಳಿ ಇಳಿದರೆ ಸಾಕು. ಸಂಗೀತ, ದೃಷ್ಟಾಂತ, ಉಪಕಥೆಗಳೆಲ್ಲ ಮುಂದಿನ ಶ್ರಾವಣಕ್ಕೆ. ಇಲ್ಲಿಯೂ ಅರ್ಹತಾಪತ್ರ ಕೈಸೇರಿದ ಮರುದಿನವೇ ಅದೇ ರಟ್ಟಿನ ರಾಕೆಟ್ಟಿನಲ್ಲಿ ಎತ್ತರ ಅಳೆಯುವ ಯಂತ್ರವನ್ನು ಸುಮ್ಮನೆ ಪ್ರಯಾಣಿಕನಂತೆ ಕೂರಿಸಿ ಕಳಿಸಬಹುದು. ಅದು ಸರಿಯಾಗಿ ಅಳೆಯುತ್ತಿದೆಯೆಂದು ನಾಲ್ಕಾರು ಹಾರಾಟಗಳಲ್ಲಿ ಖಚಿತವಾದ ಮೇಲೆ ಪ್ಯಾರಾಶೂಟು ಬಿಚ್ಚುವ ಹೊಣೆಯನ್ನು ಅದಕ್ಕೆ ವಹಿಸಲಿ. ತಂದೆಯವರು ಕೊಡಿಸಲಿರುವ ಫೈಬರ್ ಗ್ಲಾಸು ಎರಡನೆಯ ಹಂತಕ್ಕೆ ಇರಲಿ, ಆಗ ಅದು ವ್ಯರ್ಥವಾಗುವುದಿಲ್ಲ.

ಇದನ್ನು ಓದುತ್ತಿರುವ ಇಲ್ಲಿನ ಮಕ್ಕಳಿಗೆ ಒಂದು ಮಾತು. ಅಲ್ಲಿ ಕಾರ್ಖಾನೆಯಲ್ಲಿ ತಯಾರಾಗಿ, ಪರೀಕ್ಷೆಗೊಳಪಟ್ಟ ಮೋಟಾರುಗಳು ಸಿಗುತ್ತವೆ, ವಿಮಾನಯಾನ ಇಲಾಖೆಯ ಅನುಮತಿ ಪಡೆದ ಬಯಲುಗಳಿವೆ, ಹಿರಿಯರ ಕಣ್ಗಾವಲಿದೆ. ಇಲ್ಲಿ ಮನೆಯ ಹಿತ್ತಿಲಲ್ಲಿ ಮದ್ದು ಬೆರೆಸುವುದು ಪ್ರಾಣಾಪಾಯ, ಕಾನೂನಿಗೂ ವಿರುದ್ಧ. ಯಾರೂ ಕೈಹಾಕಕೂಡದು.

ಹಾರಾಟದ ದಿನಕ್ಕೆ ತಂದೆಯವರಿಗೆ ಒಂದು ಕೆಲಸವನ್ನೂ ಸೂಚಿಸುತ್ತೇವೆ. ಗಾಳಿ ಗಂಟೆಗೆ 20 ಮೈಲಿಗೆ ಮೀರಿದರೆ ಹಾರಿಸುವಂತಿಲ್ಲ, ಅಂದು ಬಂದವರಿಗೆಲ್ಲ ರೊಟ್ಟಿಬುತ್ತಿ ಹಂಚಿ ಹಿಂದಿರುಗಬೇಕು. ‘ಎಚ್’ ಮೋಟಾರಿಗೆ ಜನ ಕಡೆಯಪಕ್ಷ 100 ಅಡಿ ದೂರ ನಿಲ್ಲಬೇಕು. ಕರೆದ ಮನೆಯವರ ಚಿಕ್ಕ ಮಕ್ಕಳನ್ನು ಆ ಗೆರೆಯ ಹಿಂದೆ ಹಿಡಿದು ನಿಲ್ಲಿಸುವ ಹೊಣೆ ಮನೆಯ ತಾಯಂದಿರದು. ರಾಕೆಟ್ಟು ಏರಿ ಇಳಿಯುವಾಗ ಮಗ ಒಂದು ಕಡೆಯಿಂದ ಅದು ಬಿದ್ದ ದಿಕ್ಕನ್ನು ದೂರದ ಮರಕ್ಕೋ ಕಂಬಕ್ಕೋ ನೇರ ಹಿಡಿದು ಗುರುತಿಟ್ಟುಕೊಳ್ಳುತ್ತಾನೆ. ಒಬ್ಬನ ಗುರುತಿನಿಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಎದೆಯೆತ್ತರದ ಪೈರಿನೊಳಗೆ ಬಿದ್ದರೆ ಹತ್ತು ಹೆಜ್ಜೆಯಾಚೆಗೂ ಕಾಣದು. ತಂದೆಯವರು ಬಯಲಿನ ಇನ್ನೊಂದು ಮಗ್ಗುಲಿನಲ್ಲಿ, ಮಗನಿಂದ ಇನ್ನೂರು ಮುನ್ನೂರು ಹೆಜ್ಜೆ ದೂರದಲ್ಲಿ ನಿಂತು ತಮ್ಮ ಗುರುತನ್ನು ಬೇರೆಯಾಗಿ ಹಿಡಿಯಲಿ. ಪ್ಯಾರಾಶೂಟು ಕಣ್ಮರೆಯಾದ ಜಾಗದಿಂದ ದೃಷ್ಟಿ ಕೀಳದೆ, ಯಾರು ಮಾತನಾಡಿಸಿದರೂ ತಿರುಗದೆ, ಇಬ್ಬರೂ ತಮ್ಮ ತಮ್ಮ ಗುರುತಿನತ್ತ ನೇರ ನಡೆದರೆ, ಎರಡು ದಾರಿಗಳು ಕೂಡುವ ಕಡೆ ರಾಕೆಟ್ಟು ಬಿದ್ದಿರುತ್ತದೆ.